‘ಸ್ಲೋ ಲರ್ನರ್’ ಪಟ್ಟಿಯಲ್ಲಿ ತಂಗಿಯ ಹೆಸರು ಬಂದಿದೆ, ಏನು ಮಾಡಲಿ?

ಪ್ರಶ್ನೆ: ನಾನು ಮುದ್ದೇಬಿಹಾಳದಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿದ್ದೇನೆ. ಅಬ್ಬಾ ತೀರಿಕೊಂಡ ಮೇಲೆ ಮನೆ ನನ್ನ ಮೇಲೇ ಇದೆ. ತಂಗಿ ಏಳನೇ ಇಯತ್ತೆವರೆಗೆ ಉರ್ದು ಶಾಲೆ, ಮುಂದೆ ಕನ್ನಡ ಮಾಧ್ಯಮ. ಎಸ್ಸೆಸ್ಸೆಲ್ಸಿಯಲ್ಲಿ ಶಾಲೆಗೇ ಮೊದಲು ಬಂದವಳು. ಪಿಯುಸಿ ಸೈನ್ಸ್ ಮುಗಿಸಿ, ಸಿಇಟಿಯಲ್ಲಿ 2ಬಿ (ಮುಸ್ಲಿಮರ ಮೀಸಲಾತಿ) ಮೇಲೆ ವಿಜಯಪುರದ ಒಂದು ಕಾಲೇಜಿನಲ್ಲಿ ಇಲೆಕ್ಟ್ರಾನಿಕ್ಸ್ ಸೀಟು ಹಿಡಿದಳು. ಈಗ ಮೊದಲ ಸೆಮಿಸ್ಟರ್‌ನಲ್ಲಿ ಗಣಿತ ಮತ್ತು ಬೇಸಿಕ್ ಇಲೆಕ್ಟ್ರಿಕಲ್ ಎರಡೂ ಹೋಗಿವೆ, ‘ಸ್ಲೋ ಲರ್ನರ್’ (ನಿಧಾನವಾಗಿ ಕಲಿಯುವವರು) ಪಟ್ಟಿಯಲ್ಲಿ ಹೆಸರೂ ಬಂದಿದೆ. ಕಾಲೇಜಿನಲ್ಲಿ ಅಲ್ಪಸಂಖ್ಯಾತರ ಕೋಶ, ರೆಮಿಡಿಯಲ್ ಕ್ಲಾಸು, ಮೆಂಟರು ಎಲ್ಲ ಇದೆಯಂತೆ. ಆದರೆ ಅವಳು ‘ಅಲ್ಲಿಗೆ ಹೋದ್ರ ದಡ್ಡರ ಪಟ್ಟಿಗೆ ಸೇರಿದಂಗ ಭಾಯಿ, ನಾ ಹೋಗಂಗಿಲ್ಲ’ ಅನ್ನುತ್ತಾಳೆ. ಅಮ್ಮಿ ವರ ನೋಡು ಎಂದು ಗಂಟುಬಿದ್ದಿದ್ದಾರೆ. ಈ ಸವಲತ್ತುಗಳಿಂದ ಯಾರಾದರೂ ನಿಜವಾಗಿ ದಡ ಸೇರಿದ್ದಾರೆಯೇ, ಇಲ್ಲಾ ಎಲ್ಲ ಕಾಗದದ ಮೇಲಿನ ಮಾತೇ?

ಉತ್ತರ: ಮೊದಲು ಒಂದು ಮಾತು. ಎರಡು ವಿಷಯ ಹೋದದ್ದಕ್ಕೆ ಮನೆಯಲ್ಲಿ ಸೂತಕದ ಕಳೆ ಬೇಡ. ಮೊದಲ ಸೆಮಿಸ್ಟರ್ ಗಣಿತದಲ್ಲಿ ಯಾರು ಯಾರು ಬಿದ್ದಿದ್ದಿರಿ ಎಂದು ಕೇಳಿದರೆ ನಮ್ಮ ಕಡೆಯ ಎಷ್ಟೋ ಎಂಜಿನಿಯರುಗಳು ನೆಲ ನೋಡುತ್ತಾರೆ. ಅವರಲ್ಲಿ ಕೆಲವರು ಇವತ್ತು ಬೇರೆಯವರನ್ನು ಇಂಟರ್‌ವ್ಯೂ ಮಾಡುವ ಕುರ್ಚಿಯಲ್ಲಿ ಕೂತಿದ್ದಾರೆ.

ಬಾಗಲಕೋಟೆ, ವಿಜಯಪುರ ಎರಡೂ ಕಡೆ ಸೇರಿ 26 ವರ್ಷ ಮೊದಲ ವರ್ಷದವರಿಗೆ ಗಣಿತ ಹೇಳಿದವಳು ನಾನು. ರೆಮಿಡಿಯಲ್ ಕ್ಲಾಸೂ ನಡೆಸಿದ್ದೇನೆ, ಕೋಶದ ಕೆಲಸವನ್ನೂ ನೋಡಿದ್ದೇನೆ. ಅದಕ್ಕೇ ಹೇಳುತ್ತೇನೆ, ನಿಮ್ಮ ತಂಗಿಯ ಮೂಗಿಗೆ ಬಡಿದ ವಾಸನೆ ಸುಳ್ಳಲ್ಲ. ಸವಲತ್ತುಗಳಿಂದ ದಡ ಸೇರಿದವರಿದ್ದಾರೆ. ಆದರೆ ಅವರನ್ನು ಸೇರಿಸಿದ್ದು ‘ಬಿದ್ದವರನ್ನು ಎತ್ತುವ’ ಕ್ಲಾಸಲ್ಲ.

ನನ್ನದೇ ತಪ್ಪು ಹೇಳಿಬಿಡುತ್ತೇನೆ. ಕಾಲೇಜುಗಳಿಗೆ ಗ್ರೇಡು ಕೊಡುವ ನ್ಯಾಕ್ ತಂಡ ಬರುವ ಮುಂಚೆ ಪ್ರತಿ ಕಾಲೇಜೂ ‘ಸ್ಲೋ ಲರ್ನರ್ಸ್’, ‘ಅಡ್ವಾನ್ಸ್ಡ್ ಲರ್ನರ್ಸ್’ ಎಂದು ಮಕ್ಕಳನ್ನು ಎರಡು ಪಾಲು ಮಾಡಿ, ಯಾರಿಗೆ ಏನು ಮಾಡಿದ್ದೇವೆ ಎಂಬ ಫೈಲು ಇಡಬೇಕಿತ್ತು. ನಾನೂ ಮೊದಲ ಇಂಟರ್ನಲ್ಸ್ ಅಂಕ ನೋಡಿ ಒಂದು ಪಟ್ಟಿ ಟೈಪು ಮಾಡಿಸಿದೆ. ಫೈಲಿನಲ್ಲಿ ಇಟ್ಟಿದ್ದರೆ ಸಾಕಿತ್ತು, ನೋಟಿಸ್ ಬೋರ್ಡಿಗೂ ಅಂಟಿಸಿದೆ. 40 ಹೆಸರು. ಮೊದಲ ದಿನ ಹನ್ನೊಂದು ಮಂದಿ ಬಂದರು, ಎರಡನೇ ವಾರಕ್ಕೆ ನಾಲ್ಕು. ಬಂದವರಿಗೆ ಕ್ಲಾಸಿನಲ್ಲಿ ಹೇಳಿದ್ದನ್ನೇ ಇನ್ನೊಮ್ಮೆ, ಇನ್ನಷ್ಟು ನಿಧಾನವಾಗಿ, ಇನ್ನಷ್ಟು ಸುಲಭದ ಲೆಕ್ಕ ಹಾಕಿ ಹೇಳಿದೆ. ಅದೂ ಸಂಜೆ ನಾಲ್ಕೂವರೆಗೆ. ತಿಕೋಟಾ, ಬಬಲೇಶ್ವರ, ಬಸವನ ಬಾಗೇವಾಡಿ ಕಡೆಯ ಮಕ್ಕಳು ಆ ಹೊತ್ತಿಗೆ ಬಸ್‌ಸ್ಟ್ಯಾಂಡಿಗೆ ಓಡುತ್ತಿದ್ದರು. ಅವರಿಗೆ ಓದಿನ ಕಾಳಜಿ ಇಲ್ಲ ಎಂದು ನಾನು ರಜಿಸ್ಟರ್‌ನಲ್ಲಿ ಕೆಂಪು ಶಾಯಿಯಿಂದ ಗೈರುಹಾಜರಿ ಹಾಕುತ್ತಿದ್ದೆ! ಬಸ್ಸಿನ ಟೈಮು ಕೇಳುವ ಬುದ್ಧಿ ನನಗೆ ಬಂದದ್ದು ಮೂರು ವರ್ಷ ಕಳೆದ ಮೇಲೆ.

ಆ ಪಟ್ಟಿಯನ್ನು ಒಮ್ಮೆ ಸುಮ್ಮನೆ ಕುಳಿತು ಓದಿದೆ. ಹೆಚ್ಚಿನವು ಹಳ್ಳಿಯ ಕನ್ನಡ ಶಾಲೆ, ಉರ್ದು ಶಾಲೆಯಿಂದ ಬಂದ ಮಕ್ಕಳ ಹೆಸರು. ಹತ್ತನೆಯಲ್ಲಿ ತಮ್ಮ ತಮ್ಮ ಶಾಲೆಗೆ ಒಂದನೆಯವರು, ಎರಡನೆಯವರು. ಹಾಗಾದರೆ ಎರಡೂವರೆ ವರ್ಷದಲ್ಲಿ ಇವರು ದಡ್ಡರಾದದ್ದು ಹೇಗೆ?

ಇದೇ ಪ್ರಶ್ನೆಯನ್ನು ನನಗಿಂತ ಬಹಳ ಮೊದಲು ಅಮೆರಿಕದಲ್ಲಿ ಒಬ್ಬರು ಕೇಳಿದ್ದರು. 1970ರ ದಶಕ, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕ್ಯಾಂಪಸ್. ಅಲ್ಲಿ ಅಲ್ಪಸಂಖ್ಯಾತರು ಎಂದರೆ ಕಪ್ಪು ವರ್ಣದವರು, ಮೆಕ್ಸಿಕೋ ಮೂಲದವರು, ಮೂಲನಿವಾಸಿಗಳು. ಕಪ್ಪು ವಿದ್ಯಾರ್ಥಿಗಳು ಮೊದಲ ವರ್ಷದ ಕ್ಯಾಲ್ಕ್ಯುಲಸ್‌ನಲ್ಲಿ ಸಾಲುಸಾಲಾಗಿ ಬೀಳುತ್ತಿದ್ದರು, ಅಲ್ಲಿಗೆ ಎಂಜಿನಿಯರಿಂಗ್ ಬಾಗಿಲು ಮುಚ್ಚುತ್ತಿತ್ತು. ಯೂರಿ ಟ್ರೈಸ್‌ಮನ್ ಎಂಬ ತರುಣ ಗಣಿತಜ್ಞರು ಕಾರಣ ಏನೆಂದು ಪ್ರಾಧ್ಯಾಪಕರನ್ನು ಕೇಳಿದರು. ಬಂದ ಉತ್ತರಗಳು ನಮ್ಮ ಸ್ಟಾಫ್ ರೂಮಿನಲ್ಲಿ ಕೇಳುವಂಥವೇ: ಓದುವ ಹಂಬಲ ಇಲ್ಲ, ತಳಪಾಯ ಗಟ್ಟಿ ಇಲ್ಲ, ಮನೆಯಲ್ಲಿ ಒತ್ತಾಸೆ ಇಲ್ಲ, ಬಡತನ. ಟ್ರೈಸ್‌ಮನ್ ಇದನ್ನು ನಂಬಿ ಸುಮ್ಮನಾಗಲಿಲ್ಲ. ಇಪ್ಪತ್ತು ಕಪ್ಪು ವಿದ್ಯಾರ್ಥಿಗಳು, ಗಣಿತದಲ್ಲಿ ಚೆನ್ನಾಗಿ ಮಾಡುತ್ತಿದ್ದ ಇಪ್ಪತ್ತು ಚೀನೀ ಮೂಲದ ವಿದ್ಯಾರ್ಥಿಗಳು, ಇವರ ಬೆನ್ನ ಹಿಂದೆಯೇ ಹದಿನೆಂಟು ತಿಂಗಳು ಓಡಾಡಿದರು. ಹೇಗೆ ಓದುತ್ತಾರೆ, ಎಲ್ಲಿ ಕೂರುತ್ತಾರೆ, ಯಾರೊಡನೆ ಉಣ್ಣುತ್ತಾರೆ, ಎಲ್ಲ ನೋಡಿದರು.

ಪ್ರಾಧ್ಯಾಪಕರ ನಾಲ್ಕೂ ಕಾರಣ ನಿಲ್ಲಲಿಲ್ಲ. ಆ ಕಪ್ಪು ಮಕ್ಕಳು ತಮ್ಮ ಶಾಲೆಗಳಲ್ಲಿ ಮುಂದಿದ್ದವರೇ, ಮನೆಯವರು ಜೀವ ತೇದು ಕಳಿಸಿದವರೇ. ‘ಕ್ಲಾಸಿನ ಒಂದು ತಾಸಿಗೆ ಹೊರಗೆ ಎರಡು ತಾಸು ಓದಿರಿ’ ಎಂದು ಮೇಷ್ಟ್ರು ಹೇಳಿದ್ದನ್ನು ಅಕ್ಷರಶಃ ಪಾಲಿಸಿ ವಾರಕ್ಕೆ ಎಂಟು ತಾಸು ಓದುತ್ತಿದ್ದರು. ಆದರೆ ಒಬ್ಬೊಬ್ಬರೇ. ಸಂಜೆಯಾದರೆ ಪುಸ್ತಕ ಒಂದು ಕಡೆ, ಗೆಳೆಯರು ಇನ್ನೊಂದು ಕಡೆ. ಚೀನೀ ಮೂಲದವರು ಹದಿನಾಲ್ಕು ತಾಸಿನವರೆಗೆ ಓದುತ್ತಿದ್ದರು, ಅದರಲ್ಲಿ ಒಂದಷ್ಟು ಹೊತ್ತು ಗುಂಪಿನಲ್ಲಿ. ಒಬ್ಬರ ಉತ್ತರ ಇನ್ನೊಬ್ಬರು ತಾಳೆ ನೋಡುವುದು, ಹಳೆಯ ಪ್ರಶ್ನೆಪತ್ರಿಕೆ ಹರಡಿಕೊಳ್ಳುವುದು, ಒಟ್ಟಿಗೆ ಅಡುಗೆ ಮಾಡುವುದು. ಗುಂಪಿನಲ್ಲಿ ಯಾರಿಗೂ ಬಾರದ ಲೆಕ್ಕ ಸಿಕ್ಕರೆ ‘ಇದು ಕಠಿಣ ಲೆಕ್ಕ’ ಎಂದು ಅವರಿಗೆ ಗೊತ್ತಾಗುತ್ತಿತ್ತು. ಒಬ್ಬನೇ ಕೂತವನಿಗೆ ಅದೇ ಲೆಕ್ಕ ಬಾರದಿದ್ದರೆ ‘ನಾನು ದಡ್ಡ’ ಎಂದು ಅನಿಸುತ್ತಿತ್ತು. ಈ ಎರಡರ ನಡುವಿನ ಅಂತರ ಅಂಕಪಟ್ಟಿಯಲ್ಲಿ ಕಾಣುತ್ತಿತ್ತು.

ಟ್ರೈಸ್‌ಮನ್ ಆಮೇಲೆ ತೆರೆದದ್ದು ರೆಮಿಡಿಯಲ್ ಕ್ಲಾಸಲ್ಲ. ಆಯ್ದ ವಿದ್ಯಾರ್ಥಿಗಳ ಕಾರ್ಯಾಗಾರ ಎಂದು ಕರೆದರು. ಐದಾರು ಮಂದಿಯ ಗುಂಪು, ಮುಂದೆ ಕ್ಲಾಸಿನ ಲೆಕ್ಕಕ್ಕಿಂತ ಕಠಿಣವಾದ ಲೆಕ್ಕದ ಹಾಳೆ. ಮೇಷ್ಟ್ರು ಬೋರ್ಡಿನ ಮುಂದೆ ನಿಲ್ಲುವುದಿಲ್ಲ, ಸುತ್ತು ಹಾಕುತ್ತಾರೆ. ಹಿಂದೆ ಬೀಳುತ್ತಿದ್ದ ಗುಂಪಿನ ಮಕ್ಕಳು ಅಲ್ಲಿ ಒಳ್ಳೆಯ ಗ್ರೇಡು ತೆಗೆದರು. ಮುಂದೆ ಅಮೆರಿಕದ ಎಷ್ಟೋ ಕಾಲೇಜುಗಳು ಈ ಪದ್ಧತಿ ಹಿಡಿದವು. 1992ರಲ್ಲಿ ಅವರಿಗೆ ಮ್ಯಾಕ್‌ಆರ್ಥರ್ ಫೆಲೋಶಿಪ್ ಎಂಬ ಅಲ್ಲಿನ ದೊಡ್ಡ ಗೌರವ ಬಂತು.

ಇದಕ್ಕೂ ಸ್ವಲ್ಪ ಮೊದಲು, 1973ರಲ್ಲಿ, ಅದೇ ಕ್ಯಾಲಿಫೋರ್ನಿಯಾದ ನಾರ್ತ್‌ರಿಜ್‌ನಲ್ಲಿ ರೇಮಂಡ್ ಲ್ಯಾಂಡಿಸ್ ಎಂಬ ಎಂಜಿನಿಯರಿಂಗ್ ಪ್ರಾಧ್ಯಾಪಕರು ಅಲ್ಪಸಂಖ್ಯಾತ ವಿದ್ಯಾರ್ಥಿಗಳಿಗಾಗಿಯೇ ಒಂದು ವ್ಯವಸ್ಥೆ ಕಟ್ಟಿದ್ದರು. ಅದರಲ್ಲಿ ದೊಡ್ಡ ವಿದ್ಯೆ ಏನೂ ಇಲ್ಲ: ಈ ಮಕ್ಕಳನ್ನು ಐದು ಸೆಕ್ಷನ್‌ಗೆ ಚದುರಿಸದೆ ಒಂದೇ ಸೆಕ್ಷನ್‌ಗೆ ಹಾಕು, ಕೂತು ಓದಲು ಅವರದೇ ಒಂದು ಕೋಣೆ ಕೊಡು, ಕಾಲೇಜು ಎಂದರೇನು ಎಂದು ತಿಳಿಸುವ ಒಂದು ಮೊದಲ ವರ್ಷದ ಕೋರ್ಸು ಮಾಡು. 1988ರಲ್ಲಿ ಮೇರಿಲ್ಯಾಂಡ್‌ನಲ್ಲಿ ಶುರುವಾದ ಮೇಯರ್‌ಹಾಫ್ ಕಾರ್ಯಕ್ರಮ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕಾಲೇಜು ಆರಂಭವಾಗುವ ಮುಂಚಿನ ಬೇಸಿಗೆಯಲ್ಲೇ ಮಕ್ಕಳನ್ನು ಒಟ್ಟಿಗೆ ಇರಿಸಿ ಓದಿಸುತ್ತದೆ. ಗುರಿ ಪಾಸಾಗುವುದಲ್ಲ, ಪಿಎಚ್‌ಡಿ ಮಾಡುವುದು. ಈ ಗುರಿಯ ಎತ್ತರವೇ ನನಗೆ ಬಹಳ ಹಿಡಿಸಿದ್ದು. ನಮ್ಮಲ್ಲಿ ‘ಹೆಂಗರ ಮಾಡಿ ಪಾಸಾದ್ರ ಸಾಕು’ ಎಂಬಲ್ಲಿಗೆ ಎಲ್ಲ ನಿಂತುಹೋಗುತ್ತದೆ.

ಇದನ್ನೆಲ್ಲ ಓದಿದ ಮೇಲೆ ನಾನು ಪಟ್ಟಿ ಹರಿದುಹಾಕಿದೆ ಎಂದರೆ ಸುಳ್ಳಾಗುತ್ತದೆ, ಫೈಲಿಗೆ ಅದು ಬೇಕಲ್ಲ! ಬೋರ್ಡಿನಿಂದ ಮಾತ್ರ ತೆಗೆದೆ. ಊಟದ ಬಿಡುವಿನಲ್ಲಿ ಲೈಬ್ರರಿ ಹಿಂದಿನ ಕೋಣೆಯಲ್ಲಿ ಏಳೆಂಟು ಮಂದಿಯನ್ನು ಕೂರಿಸಿದೆ. ಪಟ್ಟಿಯವರೂ ಇದ್ದರು, ಪಟ್ಟಿಯಲ್ಲಿಲ್ಲದ ಇಬ್ಬರು ಜಾಣರೂ ಇದ್ದರು. ಒಂದು ದಿನದ್ದು ಹೇಳುತ್ತೇನೆ.

ಮೊದಲ ವರ್ಷದ ಗಣಿತದಲ್ಲಿ ನ್ಯೂಟನ್‌ನ ತಂಪಾಗುವ ನಿಯಮ ಬರುತ್ತದೆ. ಪುಸ್ತಕದಲ್ಲಿ ‘ಒಂದು ಕಾಯ’ ಎಂದಿರುತ್ತದೆ, ನಾನು ಚಹಾ ಎಂದೆ. ಮೇ ತಿಂಗಳು, ವಿಜಯಪುರದ ಕೋಣೆ 40 ಡಿಗ್ರಿ, ಚಹಾ 90. ಐದು ನಿಮಿಷಕ್ಕೆ 70ಕ್ಕೆ ಇಳಿಯಿತು. 50ಕ್ಕೆ ಇಳಿಯಲು ಒಟ್ಟು ಎಷ್ಟು ಹೊತ್ತು? ಸೂತ್ರ ಬರೆಯಬೇಡಿ, ಮೊದಲು ಬಾಯಲ್ಲಿ ಹೇಳಿ ಎಂದೆ. ಒಬ್ಬ ಹುಡುಗ ‘ಐದು ನಿಮಿಷಕ್ಕ ಇಪ್ಪತ್ತು ಇಳದದ, ಹಂಗಾದ್ರ ಹತ್ತು ನಿಮಿಷ’ ಎಂದ. ಇಂಡಿ ಕಡೆಯ ಹುಡುಗಿಯೊಬ್ಬಳು, ಅಲ್ಲಿವರೆಗೆ ಬಾಯಿ ತೆರೆಯದವಳು, ‘ಇಲ್ರೀ, ಚಹಾ ಮೊದಲ ಲಗೂ ಆರ್ತದ, ಆಮ್ಯಾಲ ಸಾವಕಾಶ’ ಎಂದಳು. ಎಷ್ಟು ಸಾವಕಾಶ ಎಂದೆ. ಕೋಣೆಗಿಂತ 50 ಡಿಗ್ರಿ ಹೆಚ್ಚಿತ್ತು, ಐದು ನಿಮಿಷದಲ್ಲಿ 30 ಉಳಿಯಿತು, ಅಂದರೆ ಐದರಲ್ಲಿ ಮೂರು ಪಾಲು. ಮುಂದಿನ ಐದು ನಿಮಿಷಕ್ಕೆ ಆ 30ರಲ್ಲಿ ಮತ್ತೆ ಐದರಲ್ಲಿ ಮೂರು ಪಾಲು, 18. ಹದಿನೈದನೇ ನಿಮಿಷಕ್ಕೆ 10.8. 50ಕ್ಕೆ ಇಳಿಯಬೇಕೆಂದರೆ ಕೋಣೆಗಿಂತ 10 ಹೆಚ್ಚು, ನಮಗೆ ಬೇಕಾದದ್ದು ಆ 10. ಹಾಗಾಗಿ ಹದಿನೈದು ದಾಟಿ ಸ್ವಲ್ಪ. ಲಾಗ್ ಹಾಕಿದರೆ ಹದಿನೈದೂ ಮುಕ್ಕಾಲು ನಿಮಿಷ. ಸೂತ್ರ ಬರುವ ಮುಂಚೆಯೇ ಉತ್ತರ ಅವರ ಕೈಯಲ್ಲಿತ್ತು.

ಆಗ ಅದೇ ಹುಡುಗಿ ಕೇಳಿದಳು: ‘ಮೇಡಮ್ರೀ, ಬಶ್ಯಾಗ ಹಾಕಿದ್ರ ಲಗೂ ಆರ್ತದಲ್ರೀ, ಅದು ಈ ಸೂತ್ರದಾಗ ಎಲ್ಲಿ ಅದ?’

ಪುಸ್ತಕದಲ್ಲಿ ಆ ಪ್ರಶ್ನೆ ಇಲ್ಲ. ಬಶಿಗೆ ಸುರಿದರೆ ಗಾಳಿಗೆ ತೆರೆದ ಮೈ ಹೆಚ್ಚಾಗುತ್ತದೆ, ಎಷ್ಟು ಬೇಗ ಆರುತ್ತದೆ ಎಂದು ಹೇಳುವ, ಸೂತ್ರದೊಳಗಿನ ‘ಕೆ’ ಬದಲಾಗುತ್ತದೆ. ಕಪ್ಪಿಗೊಂದು ‘ಕೆ’, ಬಶಿಗೊಂದು ‘ಕೆ’. ಅರ್ಧ ತಾಸು ವಾದ ನಡೆಯಿತು, ಊಟದ ಡಬ್ಬಿ ಮುಚ್ಚಿಕೊಂಡೇ ಇದ್ದವು. ಮುಂದಿನ ವಾರ ಕರೆಯದೇ ಬಂದವರು ನಾಲ್ವರು. ಅವಳು ಆ ಸೆಮಿಸ್ಟರ್ ಗಣಿತ ಪಾಸಾದಳು, ದೊಡ್ಡ ಅಂಕವೇನಲ್ಲ. ಕೊನೆಯ ವರ್ಷದಲ್ಲಿ ಮಾತ್ರ ಇಡೀ ಪ್ರಾಜೆಕ್ಟ್ ತಂಡಕ್ಕೆ ಅವಳೇ ಮಾತಾಡುತ್ತಿದ್ದಳು.

ಹಾಗಾಗಿ ನಿಮ್ಮ ತಂಗಿಗೆ ಹೇಳಬೇಕಾದದ್ದು ‘ರೆಮಿಡಿಯಲ್ ಕ್ಲಾಸಿಗೆ ಹೋಗು’ ಎಂದಲ್ಲ. ‘ನಿನ್ನಂಥ ನಾಲ್ವರನ್ನು ಹುಡುಕು’ ಎಂದು. ಅದೇ ಸೆಕ್ಷನ್‌ನವರಾದರೆ ಒಳ್ಳೆಯದು. ಎಲ್ಲರೂ ನಿಮ್ಮವರೇ ಆಗಿರಬೇಕೆಂದಿಲ್ಲ, ಬೇಡ ಕೂಡ. ಅವಳ ಹಾಗೆ ಊರಿಂದ ಬಂದ, ಕನ್ನಡ ಮಾಧ್ಯಮದ ಲಿಂಗಾಯತ ಹುಡುಗಿಯೋ, ತಾಂಡಾದ ಹುಡುಗಿಯೋ ಜೊತೆಗಿದ್ದರೆ ಇಬ್ಬರ ಸಂಕೋಚವೂ ಬಿಡುತ್ತದೆ. ವಾರಕ್ಕೆ ಮೂರು ದಿನ, ಒಂದೊಂದೂವರೆ ತಾಸು. ಹಳೆಯ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಪ್ರಶ್ನೆಪತ್ರಿಕೆಯಿಂದ ಕಠಿಣವಾದದ್ದನ್ನೇ ಎತ್ತಿಕೊಳ್ಳಲಿ. ಕೋಶದ ಸಂಯೋಜಕರನ್ನು ಒಂದು ಕೋಣೆ ಮತ್ತು ಬಿಳಿ ಹಲಗೆ ಕೇಳಲಿ. ಕೋಶಗಳ ಹತ್ತಿರ ಹಣ ಇರುವುದು ಅಪರೂಪ, ಆದರೆ ಖಾಲಿ ಕೋಣೆ ಇಲ್ಲದ ಕಾಲೇಜು ನಾನು ನೋಡಿಲ್ಲ. ಹಣದ ಯೋಜನೆಗಳು ಬಂದುಹೋಗುತ್ತವೆ. ವಿಶ್ವಬ್ಯಾಂಕ್ ನೆರವಿನ ಟೆಕ್ವಿಪ್ ಇದ್ದಾಗ ಹಿಂದುಳಿದ ಮಕ್ಕಳ ವಿಶೇಷ ತರಗತಿಗೆ ದುಡ್ಡು ಬರುತ್ತಿತ್ತು. 2021ರಲ್ಲಿ ಅದರ ಮೂರನೇ ಹಂತ ಮುಗಿಯಿತು, ಕೆಲವು ಕಡೆ ತರಗತಿಗಳೂ ಅಲ್ಲಿಗೇ ಮುಗಿದವು. ದುಡ್ಡಿಲ್ಲದೆ ನಡೆಯುವ ಗುಂಪಿಗೆ ಆ ಭಯ ಇಲ್ಲ.

ಭಾಷೆಯ ಸಂಗತಿ ಬೇರೆಯೇ ಇದೆ, ಅದನ್ನು ಕಾಲೇಜಿನಲ್ಲಿ ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನಿಮ್ಮ ತಂಗಿ ಏಳನೆಯಲ್ಲಿ ‘ಮುಸಲ್ಲಸ್’ ಎಂದು ಕಲಿತದ್ದನ್ನು ಎಂಟನೆಯಲ್ಲಿ ‘ತ್ರಿಭುಜ’ ಎಂದು ಕಲಿತಳು, ಪಿಯುಸಿಯಲ್ಲಿ ‘ಟ್ರೈಆ್ಯಂಗಲ್’ ಎಂದು. ‘ಮುಸಾವಾತ್’ ಹೋಗಿ ‘ಸಮೀಕರಣ’ ಬಂತು, ಅದೂ ಹೋಗಿ ‘ಇಕ್ವೇಷನ್’. ಹದಿನೆಂಟು ತುಂಬುವುದರೊಳಗೆ ಒಂದೇ ಗಣಿತವನ್ನು ಮೂರು ಸಲ ಹೊಸದಾಗಿ ಹೆಸರಿಟ್ಟು ಕಲಿತವಳಿಗೆ ‘ಸ್ಲೋ’ ಎನ್ನುತ್ತೀರಾ? (ಬೆಳಗಾವಿಯ ಮರಾಠಿ ಶಾಲೆಯ ಮಕ್ಕಳಿಗೆ ಒಂದು ಸಣ್ಣ ಲಾಭ ಇದೆ, ಅವರಲ್ಲೂ ಅದು ‘ಸಮೀಕರಣ’ವೇ.) ಉಪಾಯ ಸಾದಾ ಇದೆ. ನೂರು ಹಾಳೆಯ ನೋಟ್‌ಬುಕ್ಕಿನಲ್ಲಿ ಪ್ರತಿ ಪಾಠದ ಇಪ್ಪತ್ತು ಇಂಗ್ಲಿಷ್ ಶಬ್ದ, ಎದುರಿಗೆ ತನಗೆ ತಿಳಿದ ಭಾಷೆಯಲ್ಲಿ ಅರ್ಥ. ಗುಂಪಿನಲ್ಲಿ ಚರ್ಚೆ ಕನ್ನಡದಲ್ಲೇ ಆಗಲಿ, ದಖ್ಖನಿಯಲ್ಲೇ ಆಗಲಿ. ಬರೆಯುವುದು ಮಾತ್ರ ಇಂಗ್ಲಿಷಿನಲ್ಲಿ. ಕಿವಿಗೆ ಬಿದ್ದ ಇಂಗ್ಲಿಷು ಮತ್ತು ಪೇಪರಿನ ಇಂಗ್ಲಿಷು ಬೇರೆ ಬೇರೆ. ಪರೀಕ್ಷೆಯಲ್ಲಿ ಬೇಕಾದದ್ದು ಎರಡನೆಯದು, ಇಂಟರ್‌ವ್ಯೂನಲ್ಲಿ ಮೊದಲನೆಯದು.

ಅಂದಹಾಗೆ, ಅಲ್ಪಸಂಖ್ಯಾತರು ಎಂದರೆ ಮುಸ್ಲಿಮರು ಮಾತ್ರ ಎಂದು ಎಷ್ಟೋ ಜನ ತಿಳಿದಿದ್ದಾರೆ. ಕ್ರೈಸ್ತರು, ಸಿಖ್ಖರು, ಬೌದ್ಧರು, ಪಾರ್ಸಿಗಳು, 2014ರಿಂದ ದೇಶದ ಮಟ್ಟದಲ್ಲಿ ಜೈನರೂ ಈ ಪಟ್ಟಿಯಲ್ಲಿದ್ದಾರೆ. ಅಥಣಿ, ಚಿಕ್ಕೋಡಿ ಕಡೆಯ ಕಬ್ಬು ಬೆಳೆಯುವ ಜೈನ ರೈತರ ಮಕ್ಕಳು ಈ ಕೋಶದ ಬಾಗಿಲು ತಟ್ಟಿದ್ದು ನಾನು ಕಂಡದ್ದು ಕಡಿಮೆ. ಸಂವಿಧಾನದ 30ನೇ ವಿಧಿ ಭಾಷಾ ಅಲ್ಪಸಂಖ್ಯಾತರ ಹೆಸರನ್ನೂ ಹೇಳುತ್ತದೆ.

ದುಡ್ಡಿನ ಮಾತು ಬೇಗ ಮುಗಿಸುತ್ತೇನೆ. ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ‘ಅರಿವು’ ಸಾಲ ಸಿಇಟಿ ಮೂಲಕ ಸೀಟು ಸಿಕ್ಕವರಿಗೆ ಇದೆ. ಅದಕ್ಕೆ ಶೇ. 2 ಸೇವಾ ಶುಲ್ಕ, ಬಡ್ಡಿ ಎಂಬ ಕಾರಣಕ್ಕೆ ಮನೆಯಲ್ಲಿ ಹಿಂಜರಿಕೆ ಇದ್ದರೆ ಇದು ಗೊತ್ತಿರಲಿ. ಎಐಸಿಟಿಇ ಎಂಬ ಕೇಂದ್ರದ ತಾಂತ್ರಿಕ ಶಿಕ್ಷಣ ಮಂಡಳಿಯ ‘ಪ್ರಗತಿ’ ವಿದ್ಯಾರ್ಥಿವೇತನ ಹುಡುಗಿಯರಿಗೆಂದೇ ಇರುವುದು, ವರ್ಷಕ್ಕೆ 50,000 ರೂಪಾಯಿ, ಮನೆಯ ಆದಾಯ ವರ್ಷಕ್ಕೆ 8 ಲಕ್ಷದೊಳಗಿರಬೇಕು. ಅದು ಕಾಲೇಜು ಸೇರಿದ ವರ್ಷವೇ ಹಾಕಬೇಕಾದ ಅರ್ಜಿ, ನಿಮ್ಮ ತಂಗಿ ಹಾಕಿದ್ದಾಳೆಯೇ ಎಂದು ಇವತ್ತೇ ಕೇಳಿ. ರಾಜ್ಯದ ವಿದ್ಯಾರ್ಥಿವೇತನ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ. ಮಂಜೂರಾಗಿಯೂ ಹಣ ಬಾರದಿದ್ದರೆ ಹತ್ತಕ್ಕೆ ಎಂಟು ಸಲ ಬ್ಯಾಂಕ್ ಖಾತೆಗೆ ಆಧಾರ್ ಸರಿಯಾಗಿ ಜೋಡಣೆಯಾಗಿರುವುದಿಲ್ಲ, ಅಥವಾ ಎಸ್ಸೆಸ್ಸೆಲ್ಸಿ ಕಾರ್ಡಿನ ಹೆಸರಿಗೂ ಆಧಾರ್ ಹೆಸರಿಗೂ ಒಂದಕ್ಷರ ಹೆಚ್ಚುಕಡಿಮೆ. ಬೇಗಂ, ಬೇಗಮ್ ಅಂತ. ಇಷ್ಟಕ್ಕೇ ವರ್ಷದ ಹಣ ಹೋದ ಹುಡುಗಿಯರಿದ್ದಾರೆ. ಮುದ್ದೇಬಿಹಾಳದಿಂದ ನಿತ್ಯ ಓಡಾಡುವುದು ಆಗದ ಮಾತು. ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯ ಮೆಟ್ರಿಕ್ ನಂತರದ ಬಾಲಕಿಯರ ಹಾಸ್ಟೆಲ್‌ಗೆ ಅರ್ಜಿ ಹಾಕಿ, ಸೀಟು ಸಿಕ್ಕರೆ ಗುಂಪು ಓದಿಗೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಮೆಂಟರ್ ಎಂದು ಒಬ್ಬರ ಹೆಸರು ಕೊಟ್ಟಿರುತ್ತಾರೆ. ಹೆಚ್ಚಿನ ಕಡೆ ಅದು ಮೆಂಟರ್ ಡೈರಿಗೆ ಸೆಮಿಸ್ಟರ್‌ಗೆ ಎರಡು ಸಲ ಸಹಿ. ಸಹಿಗೆ ಹೋದಾಗ ‘ಎಲ್ಲ ಚೆನ್ನಾಗಿದೆ ಸರ್’ ಎನ್ನದೆ ಸಿಐಇ, ಅಂದರೆ ಇಂಟರ್ನಲ್ಸ್ ಅಂಕದ ಬಗ್ಗೆ ಒಂದೇ ಒಂದು ಖಚಿತ ಪ್ರಶ್ನೆ ಕೇಳುವುದನ್ನು ಅವಳಿಗೆ ಕಲಿಸಿ: ‘ನನ್ನ ಸಿಐಇ 50ಕ್ಕೆ 20 ದಾಟಲು ಯಾವ ಅಸೈನ್‌ಮೆಂಟ್ ಬಾಕಿ ಇದೆ ಸರ್?’ ಎಂಥ ಸೋಮಾರಿ ಮೆಂಟರೂ ಇದಕ್ಕೆ ಉತ್ತರ ಕೊಡಲೇಬೇಕಾಗುತ್ತದೆ.

ಇನ್ನು ನೌಕರಿ. ಕ್ಯಾಂಪಸ್ಸಿಗೆ ಬರುವ ಕಂಪನಿಗಳು ಸಾಮಾನ್ಯವಾಗಿ ಮೊದಲು ಕೇಳುವುದು ಎರಡು: ಒಟ್ಟು ಅಂಕ 60 ಪರ್ಸೆಂಟ್ ಮೇಲಿದೆಯೇ, ಬ್ಯಾಕ್‌ಲಾಗ್ (ಪಾಸಾಗದ ವಿಷಯ) ಉಳಿದಿದೆಯೇ. ತೇರ್ಗಡೆಯಾದ ಹಳೆಯ ಬ್ಯಾಕ್‌ಲಾಗ್‌ನಿಂದ ಹೆಚ್ಚಿನ ಕಡೆ ತೊಂದರೆ ಇಲ್ಲ, ಉಳಿದುಕೊಂಡದ್ದರಿಂದ ಇದೆ. ರೆಮಿಡಿಯಲ್‌ಗೆ ಹೋಗಿದ್ದಳು, ಕೋಶದಲ್ಲಿ ಹೆಸರಿತ್ತು ಎಂಬುದು ಅಂಕಪಟ್ಟಿಯ ಮೇಲೆ ಎಲ್ಲಿಯೂ ಇರುವುದಿಲ್ಲ. 2ಬಿ ಎಂದೂ ಇರುವುದಿಲ್ಲ. ಆ ಅಂಜಿಕೆಯನ್ನು ಇಬ್ಬರೂ ಬಿಡಿ.

ಅಲ್ಪಸಂಖ್ಯಾತರ ಕೋಶ ನಿಜಕ್ಕೂ ಉಪಯೋಗಕ್ಕೆ ಬರುವುದು ಎರಡನೇ ವರ್ಷ ಮುಗಿದ ಮೇಲೆ, ಅದೂ ಹಳೆಯ ವಿದ್ಯಾರ್ಥಿಗಳನ್ನು ವಾಪಸು ಕರೆಸಿದರೆ. 2006ರ ಸಾಚಾರ್ ಸಮಿತಿ ವರದಿ ಹೇಳಿದ್ದು ನೆನಪಿದೆ: ದೇಶದ ಹೆಸರಾಂತ ಕಾಲೇಜುಗಳಲ್ಲಿ ಪದವಿ ಓದುವ 25 ಮಂದಿಯಲ್ಲಿ ಒಬ್ಬರು ಮುಸ್ಲಿಮರು, ಸ್ನಾತಕೋತ್ತರದಲ್ಲಿ 50ಕ್ಕೆ ಒಬ್ಬರು. ಅಂದರೆ ಎಷ್ಟೋ ಮಕ್ಕಳಿಗೆ ತಮ್ಮ ಓಣಿಯಲ್ಲಿ, ನೆಂಟರಲ್ಲಿ ಕೇಳೋಣವೆಂದರೆ ಒಬ್ಬ ಎಂಜಿನಿಯರೂ ಇರುವುದಿಲ್ಲ. ರೆಸ್ಯೂಮೆ ಹೇಗಿರಬೇಕು, ಗ್ರೂಪ್ ಡಿಸ್ಕಷನ್‌ನಲ್ಲಿ ಯಾವಾಗ ಬಾಯಿ ಹಾಕಬೇಕು, ಬೆಂಗಳೂರಿನಲ್ಲಿ ಹುಡುಗಿಯರಿಗೆ ಯಾವ ಏರಿಯಾದ ಪಿಜಿ ಸುರಕ್ಷಿತ, ಹೆಸರು ಕೇಳಿ ಮನೆ ಇಲ್ಲ ಎಂದವರ ಮುಂದೆ ಏನು ಮಾಡಬೇಕು, ಇವೆಲ್ಲ ಯಾವ ಪುಸ್ತಕದಲ್ಲೂ ಇಲ್ಲ. ಎರಡು ವರ್ಷ ಹಿಂದೆ ಇದನ್ನೆಲ್ಲ ಉಂಡು ಬಂದ ಅಕ್ಕನೊಬ್ಬಳು ಬಂದು ಒಂದು ತಾಸು ಮಾತಾಡಿದರೆ, ಪ್ಲೇಸ್‌ಮೆಂಟ್ ಆಫೀಸರ್‌ನ ಇಡೀ ದಿನದ ಪಿಪಿಟಿಗಿಂತ ಹೆಚ್ಚು. ನಾನು ಕೋಶದಲ್ಲಿದ್ದಾಗ ಮಾಡಿದ ಒಂದೇ ಒಳ್ಳೆಯ ಕೆಲಸ ಅಂಥ ಹದಿನೇಳು ಮಂದಿಯ ಫೋನ್ ನಂಬರ್ ಕೂಡಿಹಾಕಿದ್ದು.

ಬೆಂಗಳೂರೇ ಆಗಬೇಕೆಂದೂ ಇಲ್ಲ. ಇಂಟರ್ನ್‌ಶಿಪ್‌ಗೆ ಬೆಳಗಾವಿಯ ಉದ್ಯಮಬಾಗ್ ಇದೆ, ಹತ್ತರಗಿಯಲ್ಲಿ ವಿಮಾನದ ಬಿಡಿಭಾಗ ಮಾಡುವ ವಿಶೇಷ ಆರ್ಥಿಕ ವಲಯ ಇದೆ, ನಿಮ್ಮದೇ ಜಿಲ್ಲೆಯ ಕೂಡಗಿಯಲ್ಲಿ 2,400 ಮೆಗಾವ್ಯಾಟ್‌ನ ಎನ್‌ಟಿಪಿಸಿ ಸ್ಥಾವರ ಇದೆ. ಇಲೆಕ್ಟ್ರಾನಿಕ್ಸ್ ಎಂದರೆ ಸಾಫ್ಟ್‌ವೇರ್ ಒಂದೇ ಎಂದುಕೊಂಡ ಮಕ್ಕಳಿಗೆ, ಒಂದು ವಿದ್ಯುತ್ ಸ್ಥಾವರದ ಕಂಟ್ರೋಲ್ ರೂಮಿನಲ್ಲಿ ಎಷ್ಟು ಸೆನ್ಸರ್ ಇರುತ್ತವೆ ಎಂದು ನೋಡಿದ ದಿನ ಕಣ್ಣು ತೆರೆಯುತ್ತದೆ. ಕೋಶದವರು ಒಂದು ಬಸ್ಸು ಮಾಡಿ ಕರೆದೊಯ್ಯಲಿ ಎಂದು ಅರ್ಜಿ ಕೊಡಿ.

ಅಮ್ಮಿಯ ಮಾತಿಗೆ ನಾನು ಹೊರಗಿನವಳು. ಒಂದು ಮಾತ್ರ ನೋಡಿದ್ದೇನೆ: ವರ ನೋಡುವ ಮಾತು ಏಳುವುದು ಯಾವಾಗಲೂ ರಿಸಲ್ಟ್ ಬಂದ ವಾರದಲ್ಲಿ. ಆ ವಾರ ದಾಟಿಸಿದ ಅಣ್ಣಂದಿರ ತಂಗಿಯರು ಹೆಚ್ಚಿನವರು ಡಿಗ್ರಿ ಮುಗಿಸಿದ್ದಾರೆ. ಮುಂದಿನ ಪರೀಕ್ಷೆಗೆ ಅರ್ಜಿ ತುಂಬುವಾಗ ಉಳಿದ ಎರಡೂ ವಿಷಯ ಸೇರಿಸಿಯೇ ತುಂಬಲಿ, ‘ಆಮೇಲೆ ನೋಡಿದ್ರಾಯ್ತು’ ಎಂದು ಒಂದನ್ನು ಬಿಡುವುದು ಬೇಡ. ಬಿಟ್ಟದ್ದು ಕೂಡುತ್ತಾ ಹೋದರೆ ಇಯರ್ ಬ್ಯಾಕ್ ಆಗಿ ಒಂದು ವರ್ಷ ಹಿಂದೆ ಉಳಿಯಬೇಕಾಗುತ್ತದೆ, ಆಗ ಅಮ್ಮಿಯ ಕೈ ಮೇಲಾಗುತ್ತದೆ.

ಇನ್ನೊಂದು. ಅವಳು ಬೇಸಿಕ್ ಇಲೆಕ್ಟ್ರಿಕಲ್‌ನಲ್ಲಿ ಬಿದ್ದಿದ್ದಾಳೆ ಎಂದು ಬರೆದಿದ್ದೀರಿ, ಮೊದಲ ಸಾಲಿನಲ್ಲೇ ವೆಲ್ಡಿಂಗ್ ಅಂಗಡಿ ಎಂದೂ ಬರೆದಿದ್ದೀರಿ. ಆ ಪೇಪರಿನಲ್ಲಿ ಟ್ರಾನ್ಸ್‌ಫಾರ್ಮರ್ ಪಾಠ ಇದೆ, ಮತ್ತು ನಿಮ್ಮದು ಹಳೆಯ ಎಣ್ಣೆ ಮಷೀನಾದರೆ ಅದರ ಹೊಟ್ಟೆಯಲ್ಲಿರುವುದು ಟ್ರಾನ್ಸ್‌ಫಾರ್ಮರೇ! ಒಳಗೆ ಹೋಗುವುದು ಎರಡು ಫೇಸಿನ 415 ವೋಲ್ಟ್, ಕಿಡಿ ಹೊತ್ತುವ ಮುಂಚೆ ರಾಡಿನ ತುದಿಗೆ ಬರುವುದು 80ರ ಆಸುಪಾಸು, ಹೊತ್ತಿದ ಮೇಲೆ ವೋಲ್ಟ್ ಇನ್ನೂ ಇಳಿಯುತ್ತದೆ, ಆಂಪಿಯರ್ ಮಾತ್ರ ನೂರು ದಾಟಿರುತ್ತದೆ. ವೋಲ್ಟ್ ಇಳಿದಷ್ಟೂ ಆಂಪಿಯರ್ ಏಕೆ ಏರುತ್ತದೆ, ಒಂದು ಕಡೆಯ ಸುತ್ತು ಏಕೆ ಸಣ್ಣ ತಂತಿ, ಇನ್ನೊಂದು ಕಡೆಯದು ಏಕೆ ಬೆರಳು ದಪ್ಪ, ಇಷ್ಟು ತಿಳಿದರೆ ಆ ಪಾಠದ ಅರ್ಧ ಮುಗಿಯಿತು. ನೀವು ಕೈಯಿಂದ ಬಲ್ಲದ್ದನ್ನು ಅವಳು ಸೂತ್ರದಿಂದ ಹೇಳಲಿ, ತಪ್ಪಿದರೆ ನೀವು ತಿದ್ದಿ. ಒಂದು ರವಿವಾರ ಆ ಐದೂ ಹುಡುಗಿಯರನ್ನು ಅಂಗಡಿಗೆ ಕರೆಯಿರಿ, ನಿಮ್ಮ ಅಮ್ಮಿ ಚಹಾ ಮಾಡಲಿ. ಮುಚ್ಚಳ ಬಿಚ್ಚಿ ತೋರಿಸಿ. ಬಿಚ್ಚುವ ಮುಂಚೆ ಮೇನ್ ಸ್ವಿಚ್ ಆರಿಸಿ.